ಕಿವಿ ಮೇಸ್ತ್ರಿಗೆ ಬಂದ ಸದ್ದು

ಹೊಲಿಗೆ ಮಷಿನ್ ರಿಪೇರಿಯವನನ್ನು ಊರೆಲ್ಲ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಬಿಚ್ಚುವ ಮೊದಲೇ ಮಷಿನ್ನಿಗೆ ಕಿವಿ ಹಚ್ಚಿ, ಚಕ್ರ ತಿರುಗಿಸಿ, ರೋಗ ಇಂಥದ್ದೇ ಎಂದು ಹೇಳುವ ಪುಣ್ಯಾತ್ಮ. ಆದರೆ ಬೀದಿಯ ದರ್ಜಿಗಳೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ ಮೇಲೆ ನೊಣ ಹೊಡೆಯುತ್ತ ಕೂರುವುದೇ ಕೆಲಸವಾಯಿತು. ತಿಂಗಳ ಕೊನೆಗೆ ಅಂಗಡಿ ಮುಚ್ಚಿ, ಗೋದಾಮಿನ ಕಾವಲಿಗೆ ಹೋಗುವುದೆಂದು ಮಾತಾಗಿತ್ತು. ಮೂವತ್ತು ವರ್ಷ ಪಳಗಿದ ಕಿವಿ ಇನ್ನು ಬೀಗದ ಸದ್ದು ಕೇಳುತ್ತ ಕೂರಬೇಕಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ.

ಸೊಸೆ ಸುಮ್ಮನಿರುವವಳಲ್ಲ. "ಮಾವ, ಮಷಿನ್ ಇಲ್ಲಿಗೆ ಬರದಿದ್ರೇನು, ಸದ್ದು ಬರುತ್ತಲ್ಲ," ಎಂದು ಅವನ ಫೋಟೊ, ನಂಬರು ಎಲ್ಲ ಇಂಟರ್‌ನೆಟ್ಟಿಗೆ ಹಾಕಿದಳು. ಎರಡೇ ದಿನಕ್ಕೆ ಬೆಟ್ಟದಾಚೆಯ ಊರಿನಿಂದ ದರ್ಜಿಯಮ್ಮ ಒಬ್ಬಳ ಕರೆ ಬಂತು. ಹತ್ತು ಹೆಂಗಸರು ಕೂತು ಶಾಲೆಯ ಬಟ್ಟೆ ಹೊಲಿಯುವ ಮನೆ ಅವಳದು. ಮೂರು ಮಷಿನ್ ಮುಷ್ಕರ ಹೂಡಿದ್ದವು.

"ಓಡ್ಸಿ ತಾಯಿ," ಎಂದು ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡ. ಅವಳ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ. ಮಷಿನ್ನಿನ ಸದ್ದು ಮಾತ್ರ ಇಲ್ಲವೇ ಇಲ್ಲ. ಮತ್ತೆ ಓಡಿಸಿದಳು, ಮತ್ತೆ ಮೌನ. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಮುಗೀತಮ್ಮ. ಕಿವಿಯೂ ಕೈಕೊಡ್ತು."

ಸೊಸೆ ಫೋನ್ ಇಸಿದುಕೊಂಡು ಆಲಿಸಿ ನಕ್ಕಳು. "ನಂಗೂ ಕೇಳ್ತಿಲ್ಲ ಮಾವ. ಕರೆ ಮಾಡ್ದಾಗ ಫೋನು ಮಾತನ್ನಷ್ಟೇ ಉಳಿಸ್ಕೊಂಡು ಮಿಕ್ಕಿದ್ದನ್ನ ಸೋಸಿಬಿಡುತ್ತೆ. ನಿಮ್ಮ ಸಂಗೀತ ಅದಕ್ಕೆ ಬರೀ ಗಲಾಟೆ." ಆಮೇಲೆ ಆ ಕಡೆಗೆ ಹೇಳಿದಳು: "ಅಕ್ಕ, ಸದ್ದನ್ನ ರೆಕಾರ್ಡ್ ಮಾಡಿ ಕಳ್ಸಿ."

ರೆಕಾರ್ಡ್ ಬಂತು. ಮೇಸ್ತ್ರಿ ಕಣ್ಣು ಮುಚ್ಚಿದ. ಟಕ್ ಟಕ್ ಕೇಳುತ್ತಲೇ ಹೋದ ಜೀವ ಬಂದಂತಾಯಿತು.

"ಮೊದಲನೇದ್ರ ಶಟಲ್ ಕೆಳಗೆ ದಾರದ ಚೂರು ಸಿಕ್ಕಿದೆ, ತೆಗೀರಿ. ಎರಡನೇದ್ರ ಬೆಲ್ಟ್ ಸಡಿಲ. ಮೂರನೇದ್ರಲ್ಲಿ ಬಟ್ಟೆ ತಳ್ಳೋ ಹಲ್ಲು ಸವೆದಿದೆ, ಹೊಸದು ಬಸ್ಸಿಗೆ ಹಾಕ್ತೀನಿ."

ಮೂರೂ ಮಷಿನ್ ಎದ್ದು ಕೂತವು. ದರ್ಜಿಯಮ್ಮ ಸುತ್ತಲಿನ ಊರಿಗೆಲ್ಲ ಡಂಗುರ ಹೊಡೆದಳು. ತಿಂಗಳು ಮುಗಿಯುವಷ್ಟರಲ್ಲಿ ಏಳು ಊರಿನ ಮಷಿನ್‌ಗಳು ಮೇಸ್ತ್ರಿಯ ಫೋನಿನಲ್ಲಿ ಗೋಳು ತೋಡಿಕೊಳ್ಳುತ್ತಿದ್ದವು. ಕಾವಲಿಗೆ ಕರೆಯಲು ಬಂದ ಗೋದಾಮಿನವನಿಗೆ ಅವನು ಪುರುಸೊತ್ತಿಲ್ಲ ಎಂದುಬಿಟ್ಟ.

ಒಂದು ಬೆಳಗ್ಗೆ ದರ್ಜಿಯಮ್ಮನಿಂದ ಮತ್ತೊಂದು ರೆಕಾರ್ಡ್ ಬಂತು. ಅದರಲ್ಲಿ ಮಾತೇ ಇರಲಿಲ್ಲ. ಕೆಲಸ ಹೆಚ್ಚಿ ಇನ್ನಿಬ್ಬರು ಹೆಂಗಸರನ್ನು ಸೇರಿಸಿಕೊಂಡಿದ್ದಳು. ಹನ್ನೆರಡು ಮಷಿನ್ ಒಟ್ಟಿಗೆ ಓಡುತ್ತಿದ್ದವು. ಮೇಸ್ತ್ರಿ ಎರಡು ಸಲ ಕೇಳಿದ. ಮೂರನೆಯ ಸಲ ಕೇಳಿ, ಕಣ್ಣೊರೆಸಿಕೊಂಡು ಸೊಸೆಯನ್ನು ಕರೆದ.

"ಅದ್ರಲ್ಲಿ ಒಂದಕ್ಕೆ ಎಣ್ಣೆ ಸಾಲ್ತಿಲ್ಲ. ಹೇಳ್ಬಿಡಮ್ಮ."