ಹಳದಿ ಪೆಟ್ಟಿಗೆಯ ಕಾರ್ಡು

ಈರುಳ್ಳಿ ಸೀದುಹೋಗುತ್ತಿದೆ, ಯಾರಾದರೂ ಉರಿ ತಗ್ಗಿಸಬಾರದೇ, ಶಾಲೆಯ ಗೇಟಿನವರೆಗೂ ವಾಸನೆ, ಎಲೆಕ್ಷನ್ ಅಂದರೆ ಈ ಊರಲ್ಲಿ ಬ್ರೆಡ್ಡಿನೊಳಗೆ ಸಾಸೇಜು, ಮತ್ತೆ ಗೇಟಿನಲ್ಲಿ ನಾನು, ಕೈಯಲ್ಲಿ ನಮ್ಮ ಶಾಸಕ ಆರ್ಥರ್ ಟ್ರೆಂಬಾತನ ನೀಲಿ ಚೀಟಿಗಳು — ಮತಪತ್ರದಲ್ಲಿ ಇವನಿಗೆ ಒಂದು, ಅವನಿಗೆ ಎರಡು, ಹೀಗೆ ಬರೆಯಿರಿ — ಇದು ಎಂಟನೇ ಎಲೆಕ್ಷನ್, ತಗೊಳ್ಳಿ, ತಗೊಳ್ಳಿ, ಬಿಸಿಲು ಜಾಸ್ತಿ ಅಲ್ವಾ, ಅಯ್ಯೋ ಲಿನೆಟ್ ಬಂದುಬಿಟ್ಟಳು, ನನ್ನ ಮಗಳು, ಸಾಲಿನ ತುದಿಯಲ್ಲಿ, ಮತ ಹಾಕದಿದ್ದರೆ ದಂಡ, ಬರಲೇಬೇಕು, ಹತ್ತು ಜನ ಆದಮೇಲೆ ನನ್ನ ಮುಂದೆ, ಅವಳಿಗೂ ಈ ಚೀಟಿ ಕೊಡಲಾ, ಯಾವ ಮುಖ ಇಟ್ಟುಕೊಂಡು ಕೊಡಲಿ. ಅಗೋ ಆ ಮಹಾನುಭಾವ ಆರ್ಥರನೂ ಬಂದ, ಕುರಿ ಹರಾಜು ಕೂಗುತ್ತಿದ್ದವನು, ಇಪ್ಪತ್ತೆಂಟು ವರ್ಷದಿಂದ ನಮ್ಮನ್ನೇ ಕೂಗಿ ಮಾರುತ್ತಿದ್ದಾನೆ, ಸಾಸೇಜು ತಿನ್ನುತ್ತಿದ್ದವನ ಭುಜ ತಟ್ಟಿ, ಮೆರ್ವಿನ್, ಮಂಡಿನೋವು ಹೇಗಿದೆಯಪ್ಪಾ ಅಂದ, ಜನ ಕರಗಿಹೋಗುತ್ತಾರೆ, ಏನು ಜ್ಞಾಪಕಶಕ್ತಿ ಅಂತಾರೆ, ಮಣ್ಣಾಂಗಟ್ಟಿ, ಜ್ಞಾಪಕವೆಲ್ಲ ನಂದು, ಅವನ ಆಫೀಸಿನ ಹಳದಿ ಪೆಟ್ಟಿಗೆಯಲ್ಲಿ ಮನೆಗೊಂದು ಕಾರ್ಡು, ಯಾರ ಮಂಡಿ, ಯಾರ ನಾಯಿ ಸತ್ತಿತು, ಯಾರ ಮಗಳ ಮದುವೆ, ಎಲ್ಲ ನಾನು ಬರೆದದ್ದು, ಕಾರಿನಲ್ಲಿ ಓದಿಕೊಂಡು ಇಳಿಯುತ್ತಾನೆ, ಇಷ್ಟೇ ಅವನ ರಾಜಕೀಯ.

ಹೆರಿಗೆ ವಾರ್ಡು ಮುಚ್ಚೋಕೆ ಪ್ರಾಣ ಹೋದರೂ ಬಿಡಲ್ಲ ಅಂದಿದ್ದ, ಇದೇ ಶಾಲೆಯಲ್ಲಿ ಎದೆ ತಟ್ಟಿಕೊಂಡು, ವಿಧಾನಸಭೆಗೆ ಹೋಗಿ ಮುಚ್ಚುವುದಕ್ಕೇ ಮತ ಹಾಕಿದ, ಪಕ್ಷದ ಶಿಸ್ತು ವಾಲ್ಮೆ, ನಿನಗೆ ಅರ್ಥವಾಗಲ್ಲ, ಅಂದ ನನಗೆ, ನಾನೂ ಹೂಂ ಅಂದೆ, ಟೀ ಮಾಡಿಕೊಟ್ಟೆ, ಥೂ. ಹೋದ ವರ್ಷ ಲಿನೆಟ್ಟಿಗೆ ನೋವು ಬಂದಾಗ ಆಸ್ಪತ್ರೆ ನೂರಾಹತ್ತು ಕಿಲೋಮೀಟರು ಆಚೆ, ಅರ್ಧ ದಾರಿಗೇ, ಗೋಧಿ ಕಣಜದ ನೆರಳಲ್ಲಿ, ಕಾರಿನ ಹಿಂದಿನ ಸೀಟು, ಅಮ್ಮಾ ಅಳ್ತಾ ಇಲ್ಲ ಯಾಕೆ, ಅಮ್ಮಾ, ಉಜ್ಜಿದೆ, ಉಜ್ಜಿದೆ, ಸಣ್ಣ ಪಾದ. ಒಂದು ವಾರ ರಜೆ ಬೇಕು ಅಂದೆ ಫೋನಿನಲ್ಲಿ, ಯಾಕೆ ಅಂತಲೂ ಕೇಳಲಿಲ್ಲ ಅವನು, ಆಮೇಲೆ ನಾನೂ ಹೇಳಲಿಲ್ಲ, ಮತ್ತೆ ಕೆಲಸಕ್ಕೆ ಹೋದೆ, ಇವತ್ತೂ ಬಂದೆ, ಅಭ್ಯಾಸ, ಹಾಳು ಅಭ್ಯಾಸ, ನಮ್ಮಪ್ಪನೂ ಇದೇ ಪಕ್ಷ — ಬೇಡ ಆರ್ಥರ್, ಲಿನೆಟ್ ಹತ್ತಿರ ಹೋಗಬೇಡ, ಹೋದ, ಕೈ ಹಿಡಿದ, ಲಿನೆಟ್, ಪಾಪು ಹೇಗಿದೆಯಮ್ಮಾ, ಈಗ ನಡೆಯೋಕೆ ಶುರುಮಾಡಿರಬೇಕಲ್ಲ — ಮೆರ್ವಿನ್ ಅಗಿಯುವುದನ್ನೇ ನಿಲ್ಲಿಸಿದ, ಲಿನೆಟ್ ಅವನನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ, ಕಾರ್ಡು ಬರೆಯುವವಳು ಯಾರು ಅಂತ ಅವಳಿಗೆ ಗೊತ್ತು, ಚೀಟಿಗಳು ನೆಲದ ಮೇಲೆ, ನಾನೇ ಬಿಟ್ಟೆನಾ, ಅವನು ಬಗ್ಗಿ ಆರಿಸುತ್ತಿದ್ದಾನೆ, ಗಾಳಿ ನೋಡು ವಾಲ್ಮೆ, ಗಾಳಿ ಅಂತೆ ಗಾಳಿ — ಊರಿನವರ ಸಾವೆಲ್ಲ ಬರೆದೆ, ನನ್ನ ಮನೆಯ ಕಾರ್ಡು ತೆಗೆದು ತಿದ್ದೋಕೆ ಕೈ ಬರಲಿಲ್ಲ, ಹಳದಿ ಪೆಟ್ಟಿಗೆ, ನನ್ನ ದುಂಡು ಅಕ್ಷರ, ಲಿನೆಟ್, ಬಸುರಿ, ಆರು ತಿಂಗಳು, ಹಳದಿ ಪೆಟ್ಟಿಗೆ, ಲಿನೆಟ್, ಬಸುರಿ, ಆರು ತಿಂಗಳು