ಗುಂಡಿ ಡಬ್ಬಿಯಲ್ಲಿದ್ದ ಮಾತ್ರೆಗಳು

ಟೈಲರಣ್ಣ ಒಂದು ತುಂಡು ದಾರವನ್ನೂ ಬಿಸಾಡುವವನಲ್ಲ. ಯಾರ ಅಂಗಿ ಹೊಲಿದರೂ ಒಳಮಡಿಕೆಯಲ್ಲಿ ಒಂದು ಗುಂಡಿ ಹೆಚ್ಚಿಗೆ ಹಾಕಿಕೊಡುತ್ತಾನೆ. "ಮುಂದೆ ಬೇಕಾಗುತ್ತೆ" ಅನ್ನುವುದು ಅವನ ಮಂತ್ರ. ಕೇಳಿ ಕೇಳಿ ಹೆಂಡತಿಗೆ ಅದು ಬಾಯಿಪಾಠವಾಗಿತ್ತು.

ಹೋದ ತಿಂಗಳು ಅವನಿಗೆ ಬಿಡದೆ ಜ್ವರ, ಹೊಟ್ಟೆನೋವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಟೈಫಾಯ್ಡ್ ಎಂದರು. ಕೊಳಕು ನೀರಿನಿಂದಲೋ ತೊಳೆಯದ ಕೈಯಿಂದಲೋ ಕರುಳಿಗೆ ಸೇರುವ ರೋಗಾಣು ಅದು. ಹದಿನಾಲ್ಕು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಐದನೇ ದಿನ ಜ್ವರ ಇಳಿಯಿತು. ಆರನೇ ದಿನ ಅವನು ಮೆಷಿನ್ ತುಳಿಯುತ್ತಾ ಶಿಳ್ಳೆ ಹಾಕುತ್ತಿದ್ದ.

"ಮಾತ್ರೆ ತಗೊಂಡ್ರಾ?" ಎಂದು ಹೆಂಡತಿ ದಿನವೂ ಕೇಳುತ್ತಿದ್ದಳು.

"ಆಯ್ತು ಮಾರಾಯ್ತಿ, ಎಷ್ಟು ಸಲ ಕೇಳ್ತೀಯ?"

ಎರಡು ವಾರ ಕಳೆಯುವಷ್ಟರಲ್ಲಿ ಜ್ವರ ಮರಳಿತು. ಹೊಟ್ಟೆ ಹಿಡಿದುಕೊಂಡು ಮಲಗಿದವನು, ಮಲ ಟಾರಿನ ಹಾಗೆ ಕಪ್ಪಗಾಗಿದೆ ಎಂದು ಮೆಲ್ಲಗೆ ಹೇಳಿದ. ಹೆಂಡತಿ ತಕ್ಷಣ ಪಕ್ಕದ ಬೀದಿಯಲ್ಲಿದ್ದ ತಂಗಿಯನ್ನು ಕರೆಸಿದಳು. ತಂಗಿ ನರ್ಸ್.

"ಭಾವ, ಮಾತ್ರೆ ಪೂರ್ತಿ ಮುಗಿಸಿದ್ರಾ?"

ಅವನ ಕಣ್ಣು ಗುಂಡಿ ಡಬ್ಬಿಯ ಕಡೆ ಹೊರಳಿತು. ಹೆಂಡತಿ ಮುಚ್ಚಳ ತೆಗೆದರೆ, ಗುಂಡಿಗಳ ನಡುವೆ ಬಟ್ಟೆ ಚೂರಿನಲ್ಲಿ ಸುತ್ತಿಟ್ಟ ಒಂಬತ್ತು ದಿನದ ಮಾತ್ರೆಗಳು.

"ನಂಗೆ ವಾಸಿಯಾಗಿತ್ತು. ನಾಳೆ ನಿಂಗೂ ಬಂದ್ರೆ ಬೇಕಲ್ಲ ಅಂತ ಎತ್ತಿಟ್ಟೆ."

ಬೈಯಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ಪೆದ್ದು ಕೆಲಸ ಮಾಡುವ ಗಂಡಸು ಇವನೊಬ್ಬನೇ ಇರಬೇಕು ಅನ್ನಿಸಿತು.

"ಭಾವ, ಹೊಲಿಗೆ ಮುಗಿಸಿ ಗಂಟು ಹಾಕದೆ ಏಳ್ತೀರಾ?" ಎಂದಳು ನಾದಿನಿ.

"ಛೆ, ಬಿಚ್ಕೊಂಡು ಹೋಗುತ್ತೆ."

"ಇದೂ ಹಾಗೇ. ಜ್ವರ ಇಳಿದ್ರೂ ರೋಗಾಣು ಒಳಗೆ ಉಳಿದಿತ್ತು, ಈಗ ತಿರುಗಿ ಬಿದ್ದಿದೆ. ಇನ್ನು ಅಕ್ಕಂಗೆ ಏನಾದ್ರೂ ಆದ್ರೆ ಅವಳ ಔಷಧಿ ಡಾಕ್ಟರು ಬರೀತಾರೆ, ನಿಮ್ಮ ಡಬ್ಬಿ ಅಲ್ಲ. ಏಳಿ ಈಗ. ಕರುಳಲ್ಲಿ ರಕ್ತ ಸೋರ್ತಿರಬಹುದು. ತಡ ಮಾಡಿದ್ರೆ ಕರುಳು ತೂತಾಗೋ ಅಪಾಯನೂ ಇದೆ, ಆಮೇಲೆ ಜೀವಕ್ಕೇ ಕುತ್ತು."

"ನಾಳೆ ಒಂದು ಪ್ಯಾಂಟ್ ಕೊಡಬೇಕಿತ್ತು..."

"ಪ್ಯಾಂಟ್ ಕಾಯುತ್ತೆ ರೀ, ನಾನು ಕಾಯಲ್ಲ" ಎಂದ ಹೆಂಡತಿ ಮೆಷಿನ್‌ಗೆ ಮುಸುಕು ಎಳೆದಳು.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ನರದ ಮೂಲಕ ಔಷಧಿ ಏರಿಸಿದರು. ಮೂರು ದಿನ ಅವಳು ಮಂಚದ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಪುಣ್ಯಕ್ಕೆ ಸೋರುವುದು ನಿಂತಿತು, ಆಪರೇಷನ್ ಬೇಕಾಗಲಿಲ್ಲ. ಮನೆಗೆ ಬಂದ ಮೇಲೆ ಅವನು ಕುದಿಸಿ ಆರಿಸಿದ ನೀರಿನಲ್ಲಿ ಒಂದೊಂದು ಮಾತ್ರೆಯನ್ನೂ ಅವಳ ಕಣ್ಣೆದುರೇ ನುಂಗಿದ. ಕೊನೆಯ ದಿನ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಅವಳ ಕೈಗಿತ್ತ.

"ನೋಡು, ನಿಂಗೆ ಅಂತ ಏನೂ ಉಳಿಸಿಲ್ಲ."

"ನಿಮ್ಮನ್ನೇ ನಂಗೆ ಉಳಿಸಿಕೊಟ್ರಲ್ಲ, ಅಷ್ಟು ಸಾಕು."

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು. ಇವತ್ತೇ ತೆರೆದು ನೋಡಿ. ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ಮುಗಿಸಿ. ಹಳೆಯದು ಉಳಿದಿದ್ದರೆ ನೀವೂ ನುಂಗಬೇಡಿ, ಇನ್ನೊಬ್ಬರಿಗೂ ಕೊಡಬೇಡಿ. ಜ್ವರ ಮರಳಿದರೆ, ಹೊಟ್ಟೆನೋವು ಜೋರಾದರೆ, ಮಲದಲ್ಲಿ ರಕ್ತ ಅಥವಾ ಕಪ್ಪು ಕಂಡರೆ ಆಗಲೇ ಆಸ್ಪತ್ರೆಗೆ ಹೊರಡಿ. ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಗುಂಡಿ ಎಷ್ಟು ಬೇಕಾದರೂ ಕೂಡಿಡಿ, ಮಾತ್ರೆ ಮಾತ್ರ ಬೇಡ.