ಮಿರಗದ ಕೊಡ

ಕಟ್ಟುತ್ತಿದ್ದ ಹೊಸ ಮನೆಯ ಅಡುಗೆಮನೆಯಲ್ಲಿ, ಸೂರಿನ ಸ್ಲ್ಯಾಬಿನ ಅಡಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಕಪ್ಪು ಗೆರೆ ಮೂಡಿತ್ತು. ಗುರುದೇವಿ ಸ್ಟೂಲ್ ಹತ್ತಿ ಬೆರಳಿಟ್ಟು ನೋಡಿದಳು. ಬೆರಳ ತುದಿ ಒದ್ದೆಯಾಯಿತು. ಕಾಂಕ್ರೀಟು ಗಟ್ಟಿಯಾಗಲೆಂದು ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿ ಇಪ್ಪತ್ತು ದಿನವಾಗಿತ್ತು.

“ಅದು ಕ್ಯೂರಿಂಗ್ ನೀರ್ರಿ ಅಕ್ಕಾ,” ಎಂದ ಕೆಳಗೆ ನಿಂತಿದ್ದ ಮೇಸ್ತ್ರಿ ಮನ್ಸೂರಅಲಿ. “ಎಲ್ಲಾ ಸ್ಲ್ಯಾಬೂ ಹಿಂಗ ಬೆವರತಾವ. ಪ್ಲಾಸ್ಟರ್ ಮಾಡಿದ್ರ ಮುಚ್ಚಿ ಹೋಗತದ.”

“ಬೆವರು ಗೆರಿ ಹೊಡದಂಗ ಬರತದೇನು?”

ಅವನು ಕಿಟಕಿಯಾಚೆ ನೋಡಿದ. ಗುರುದೇವಿ ಸ್ಟೂಲಿನಿಂದ ಇಳಿದಳು. ಇಪ್ಪತ್ತೆರಡು ವರ್ಷದಿಂದ ಸುರಪುರ ಡಿಪೋದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದಳು. ಟಿಕೆಟ್ ಇಲ್ಲದವರು ಹೇಗೆ ಕಿಟಕಿಯಾಚೆ ನೋಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

“ಸ್ಲ್ಯಾಬ್ ಹಾಕಿದ ದಿನ ನಾ ಕಕ್ಕೇರಾ ಬಸ್ಸಿನಾಗಿದ್ದೆ,” ಎಂದಳು. “ಮಧ್ಯಾಹ್ನ ಒಂದು ಹಸರ ಮಿಕ್ಸರ್ ಟ್ರ್ಯಾಕ್ಟರ್ ಹಿಂದ ಹೊಂಟಿತ್ತು. ದಾರಿ ಬಿಡಲಿ ಅಂತ ನಾನೇ ಸೀಟಿ ಹೊಡದೆ. ನಮ್ಮ ಮನೀದೇ ಮಿಕ್ಸರ್ ಅಂತ ಈಗ ತಿಳೀತು ನೋಡು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮನ್ಸೂರಅಲಿ ಬಾಗಿಲಾಚೆಯ ಮಿಕ್ಸರ್ ಕಡೆ ಕಣ್ಣು ಹಾಯಿಸಿದ. ಒಂದೇ ದಿನ ಎರಡು ಸ್ಲ್ಯಾಬ್ ಒಪ್ಪಿಕೊಂಡಿದ್ದ. ರಂಗಂಪೇಟೆಯ ಈ ಮನೆಯ ಅರ್ಧ ಹಾಕಿ, ಕಕ್ಕೇರಾಕ್ಕೆ ಹೋಗಿ ಬಂದು, ಉಳಿದರ್ಧ ಹಾಕಿದ್ದ. ಅಷ್ಟರಲ್ಲಿ ಮೊದಲಿನ ಕಾಂಕ್ರೀಟು ಬಿಸಿಲಿಗೆ ಬಿಗಿದಿತ್ತು. ಹಳೆಯದು ಹೊಸದು ಕೂಡಿಕೊಂಡಿರಲಿಲ್ಲ.

“ಆಳುಗಳ ಪಗಾರ ಅದರಿ. ಶನಿವಾರ ಮನಿ ಮುಂದ ಬಂದು ಕುಂದರತಾರ. ಸ್ಲ್ಯಾಬಿನ ಕಂತು ಕೊಟ್ಟುಬಿಡ್ರಿ, ಆಮ್ಯಾಲ ನೋಡೂಣು.”

ಕಂತುಗಳು ಐದು ಎಂದು ಮಾತಾಗಿತ್ತು. ತಳಪಾಯಕ್ಕೊಂದು, ಲಿಂಟಲ್‌ಗೊಂದು ಕೊಟ್ಟಾಗಿತ್ತು. ಮೂರನೆಯದು ಸ್ಲ್ಯಾಬಿನದು, ತೊಂಬತ್ತು ಸಾವಿರ. ಗಂಡ ಶಿವರಾಜ ಸೈದಾಪುರದ ಹತ್ತಿರ ಫ್ಯಾಕ್ಟರಿಯಲ್ಲಿದ್ದು ವಾರಕ್ಕೊಮ್ಮೆ ಬರುವವನಾದ್ದರಿಂದ, ಮನೆ ಕಟ್ಟುವ ಪಡಿಪಾಟಲೆಲ್ಲ ಗುರುದೇವಿಯದೇ. ಮನೆ ಕಟ್ಟಿ ನೋಡು ಎಂದ ಹಿರಿಯರು, ಮೇಸ್ತ್ರಿಯ ಹಿಂದೆ ತಿರುಗಿ ನೋಡು ಎಂಬುದನ್ನು ಸೇರಿಸಲು ಮರೆತಿದ್ದರು.

“ಈ ಗೆರಿ ಹೋಗೂತನ ಒಂದು ಪೈಸಾ ಇಲ್ಲ. ನಿಮ್ಮಪ್ಪ ಹೆಂಗ ರೊಕ್ಕ ತಗೋತಿದ್ದ, ಹೋಗಿ ಕೇಳು. ಸುಲ್ತಾನಸಾಬಂದು ಒಂದು ಹನಿ ಸೋರಿಲ್ಲ.”

ಅಪ್ಪನ ಹೆಸರು ಬಂದದ್ದೇ ಮನ್ಸೂರಅಲಿಯ ಮುಖ ಬಿಗಿಯಿತು. ಕರಣಿಯನ್ನು ಬಕೆಟ್ಟಿಗೆ ಎಸೆದು ಹೋದವನು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಇದೇ ಜಾಗದಲ್ಲಿ ನಲವತ್ತು ವರ್ಷದ ಹಿಂದೆ ಹಳೆಯ ಮನೆಗೆ ಮಣ್ಣಿನ ಚಾವಣಿಯ ಮಾಳಿಗೆ ಹಾಕಿದ್ದವನು ಮನ್ಸೂರಅಲಿಯ ಅಪ್ಪ ಸುಲ್ತಾನಸಾಬ. ಅವನದೊಂದು ಕಟ್ಟುನಿಟ್ಟಿತ್ತು. ಕೂಲಿಯಲ್ಲಿ ನಾಲ್ಕನೇ ಒಂದು ಪಾಲನ್ನು ಮನೆಯವರ ಹತ್ತಿರವೇ ಬಿಡುತ್ತಿದ್ದ. ಅದು ಮಳೆಯ ಪಾಲು. ಮಿರಗದ, ಎಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಹೊಡೆದಾಗ ತಲೆಯ ಮೇಲೆ ಗೋಣಿಚೀಲ ಹೊದ್ದು ಬಂದು, ಮನೆಯೊಳಗೆ ನಿಂತು ಸೂರು ನೋಡಿ, ಸೋರದಿದ್ದರೆ ಮಾತ್ರ ಪಾಲು ತೆಗೆದುಕೊಂಡು ಉಂಡು ಹೋಗುತ್ತಿದ್ದ. ಗುರುದೇವಿಗೆ ಆಗ ಆರು ವರ್ಷ. ಅವನು ನೆನೆದುಕೊಂಡು ಬಂದದ್ದು, ತನ್ನಪ್ಪ ಚನ್ನಯ್ಯ ಎದ್ದು ನಿಂತು ಗಟ್ಟಿಯಾಗಿ ಮಾತಾಡಿದ್ದು, ಧೋತರದ ಜೊತೆ ರೊಕ್ಕ ಕೊಟ್ಟದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಮೇಲೆ ಎಷ್ಟೋ ವರ್ಷ, ಮಿರಗಕ್ಕೆ ಮುಂಚೆ ಅವನು ಯಾರೂ ಕರೆಯದೆ ಉಪ್ಪಿನಂಶದ ಸವಳು ಮಣ್ಣಿನ ಬುಟ್ಟಿ ಹೊತ್ತು ಬಂದು ಮಾಳಿಗೆಗೆ ಹಾಕಿ ಹೋಗುತ್ತಿದ್ದ. ಕೂಲಿ ಕೇಳುತ್ತಿರಲಿಲ್ಲ. ಅಂಥ ಮನುಷ್ಯರು ಈಗೆಲ್ಲಿ ಎಂದು ಅವಳು ಬಸ್ಸಿನಲ್ಲಿ ಡ್ರೈವರಿಗೆ ಹೇಳುವುದಿತ್ತು.

ಇನ್ನೂ ಒಂದು ನೆನಪಿತ್ತು. ಪ್ರತಿ ವರ್ಷ ಮಿರಗದ ಮೊದಲ ಮಳೆಯ ದಿನ ಅವ್ವ ಹಂಪಮ್ಮ ತಾಮ್ರದ ಕೊಡಕ್ಕೆ ಕುಂಕುಮ ಹಚ್ಚಿ, ಎರಡು ಹೂವಿಟ್ಟು, ಪಡಸಾಲೆಯ ಮೂಲೆಯಲ್ಲಿ ಇಡುತ್ತಿದ್ದಳು. ಅದರಲ್ಲಿ ಟಪ್ಪ್ ಟಪ್ಪ್ ಎಂದು ಮಳೆ ತುಂಬುತ್ತಿತ್ತು. ಆ ಸಪ್ಪಳ ಕೇಳುತ್ತ ಗುರುದೇವಿಗೆ ನಿದ್ದೆ ಬರುತ್ತಿತ್ತು. ಬೆಳಗ್ಗೆ ಅವ್ವ ಆ ನೀರನ್ನು ಬಟ್ಟೆಯಲ್ಲಿ ಸೋಸಿ ಮಕ್ಕಳಿಗೆ ಅಂಗೈಯಷ್ಟು ಕುಡಿಸುತ್ತಿದ್ದಳು. ಉಪ್ಪುಪ್ಪಾಗಿರುತ್ತಿತ್ತು. ಮಿರಗದ ನೀರು ಉಪ್ಪಿರುತ್ತದೆ ಎಂದೇ ಗುರುದೇವಿ ಇವತ್ತಿಗೂ ನಂಬಿದ್ದಳು. ಬೇರೆಯವರ ಮನೆಯಲ್ಲಿ ಕೊಡ ಇಡುವುದಿಲ್ಲವೆಂದರೆ ಅವರಿಗೆ ಪದ್ಧತಿ ಗೊತ್ತಿಲ್ಲ ಎಂದುಕೊಂಡಿದ್ದಳು.

ಹೊಸ ಮನೆ ಆಗುವವರೆಗೆ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಹಂಪಮ್ಮ ಮೊರದಲ್ಲಿ ತೊಗರಿ ಆರಿಸುತ್ತ ಕೂತಿದ್ದಳು. ಮಗಳ ಸಿಟ್ಟನ್ನೆಲ್ಲ ಕೇಳಿ, ಒಂದು ಹರಳು ತೆಗೆದು ಎಸೆದಳು.

“ಸುಲ್ತಾನಂದು ಸೋರಿಲ್ಲ ಅಂತ ಯಾರು ಹೇಳಿದ್ರು ನಿನಗ?”

“ಯಾರು ಹೇಳಬೇಕು? ನಾ ಬೆಳದ ಮನಿ ಅಲ್ಲೇನು?”

“ಮತ್ತ ಆ ಕೊಡ ಯಾಕ ಇಡತಿದ್ದೆ ಅಂತ ತಿಳದೀ?”

ಗುರುದೇವಿ ಅವ್ವನೆದುರು ಕೂತಳು.

“ಮೊದಲ ಮಳಿಗೇ ಆ ಮೂಲಿ ಸೋರಿತು,” ಎಂದಳು ಹಂಪಮ್ಮ. “ಸುಲ್ತಾನನ ಹೆಂಡತಿ ದಿನ ತುಂಬಿದ ಬಸುರಿ. ಅವನ ಕೈಯಾಗ ಒಂದು ಕಾಸಿರಲಿಲ್ಲ. ಸೋರತದ ಅಂದ್ರ ಅವ ಪಾಲು ಮುಟ್ಟಾಂವಲ್ಲ. ನಿಮ್ಮಪ್ಪ ಕೊಡ ತಂದಿಟ್ಟು, ಕುಂಕುಮ ಹಚ್ಚು, ದೇವರದು ಅನ್ನು ಅಂದ. ಆ ಹೊಟ್ಟ್ಯಾಗಿದ್ದಾಂವನೇ ಈ ಮನ್ಸೂರ.”

“ಹಂಗಾದ್ರ ವರ್ಸಾ ವರ್ಸಾ ಇಡತಿದ್ದೆಲ್ಲ?”

“ಒಮ್ಮಿ ದೇವರದು ಅಂದ ಮ್ಯಾಲ ತಪ್ಪಸಾಕ ಬರತದೇನು? ನಿಮಗ ಕುಡಿಸಲಿಕ್ಕೂ ಬೇಕಾತು.”

ಗುರುದೇವಿಗೆ ನಗು ಬಂತು. ಇಷ್ಟು ವರ್ಷ ಜತನ ಮಾಡಿಕೊಂಡು ಬಂದ ಮಳೆಯೊಂದು ಬರೀ ಸೋರಿಕೆಯಾಗಿ ಹೋಗಿತ್ತು.

“ಈಗ ನಾನೂ ಕೊಡ ಇಟ್ಟು ರೊಕ್ಕ ಕೊಡಬೇಕೇನು?”

“ನಾ ಹಂಗಂದಿಲ್ಲ. ನೀ ಕೇಳಿದಿ, ಹೇಳಿದೆ,” ಎಂದು ಹಂಪಮ್ಮ ಮೊರ ಕೇರಿದಳು.

ಎಂಟನೇ ದಿನ ಮನ್ಸೂರಅಲಿ ಬಂದ. ಬೈಕಿನ ಹಿಂದೆ ಸುಲ್ತಾನಸಾಬ ಕೂತಿದ್ದ. ಕಣ್ಣಿಗೆ ಪೊರೆ ಬಂದು ಅವನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಮಗನ ಹೆಗಲು ಹಿಡಿದು ಅಡುಗೆಮನೆಗೆ ಬಂದು, ಮುಖ ಮೇಲೆತ್ತಿ ನಿಂತ.

“ಗೆರಿ ಎಲ್ಲಿಂದ ಎಲ್ಲೀತನ ಅದವ್ವಾ?”

ಗುರುದೇವಿ ಹೇಳಿದಳು. ಮುದುಕ ತಲೆದೂಗಿದ. ಆಮೇಲೆ ಮಗಳ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಹಂಪಮ್ಮನ ಕಡೆ ತಿರುಗಿದ.

“ಹಂಪವ್ವಾ, ಆ ಕೊಡ ಅದಯೇನಬೇ ಇನ್ನಾ?”

ಹಂಪಮ್ಮ ಸೆರಗು ಸರಿಮಾಡಿಕೊಂಡಳು. “ಯಾವ ಕೊಡಪ್ಪಾ?” ಎಂದಳು, ಆದರೆ ದನಿಯೇ ಅವಳ ಗುಟ್ಟು ಹೇಳಿತು.

“ಅವತ್ತು ಬಾಗಲದಾಗ ನಿಂತಾಗೇ ಕೊಡದಾಗ ಹನಿ ಬಿದ್ದ ಸಪ್ಪಳ ಕೇಳಿದ್ದೆ. ಚನ್ನಯ್ಯನವರು ಮಾತು ಜೋರ ಮಾಡಿದ್ರು. ನಾನೂ ಜೋರ ಮಾಡಿದೆ.” ಸುಲ್ತಾನಸಾಬ ಸಿಮೆಂಟು ಚೀಲದ ಮೇಲೆ ನಿಧಾನವಾಗಿ ಕೂತ. “ರೊಕ್ಕ ಬೇಕಾಗಿತ್ತು, ತಗೊಂಡೆ. ಆ ಮಾಳಗಿ ಬಿಚ್ಚಿ ಮಾಡಿದ್ರ ನಾಕು ದಿನದ ಕೆಲಸ. ಬಿಚ್ಚಬೇಕಂದ್ರ ಸೋರತದ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ್ರ ಚನ್ನಯ್ಯನವರು ಸುಳ್ಳು ಹೇಳಿದಂಗ ಆಗತದ. ನಾಕು ದಿನದ ಕೆಲಸಕ್ಕ ಇಪ್ಪತ್ತೆಂಟು ವರ್ಸ ಬುಟ್ಟಿ ಹೊತ್ತೆ.”

ಮನ್ಸೂರಅಲಿ ಅಪ್ಪನನ್ನು ಹೊಸದಾಗಿ ನೋಡುವವನಂತೆ ನೋಡುತ್ತಿದ್ದ.

“ನಿನಗ ಆ ಬುಟ್ಟಿ ಬ್ಯಾಡಪಾ,” ಎಂದ ಮುದುಕ ಮಗನಿಗೆ. “ಈಗೇ ಒಡಿ.”

“ಎರಡೂ ಕಡಿ ಒಪ್ಪಿದ್ದು ತಪ್ಪಾತ್ರಿ ಅಕ್ಕಾ,” ಎಂದ ಮನ್ಸೂರಅಲಿ. ಅದನ್ನು ಹೇಳಲು ಅವನಿಗೆ ಎಂಟು ದಿನ ಬೇಕಾಗಿತ್ತು.

ಗುರುದೇವಿ ನಲವತ್ತು ಸಾವಿರ ಎಣಿಸಿ ಕೊಟ್ಟಳು. “ಇದು ಆಳುಗಳದು. ಅವರೇನು ಮಾಡ್ಯಾರ? ಇನ್ನೊಂದು ನಲವತ್ತು ಸಾವಿರ, ನೀರು ನಿಲ್ಲಿಸಿ ನೋಡಿದ ಮ್ಯಾಲ. ಉಳದ ಹತ್ತು ಮಳೀ ಪಾಲು. ಮಿರಗಕ್ಕ ಬಾ, ಉಂಡು ತಗೊಂಡು ಹೋಗು.”

ಸುಲ್ತಾನಸಾಬ ಬಾಯಿ ತೆರೆದು ನಕ್ಕ. ಹಲ್ಲು ಎರಡೇ ಉಳಿದಿದ್ದವು.

ಮನ್ಸೂರಅಲಿ ಮೇಲಿನಿಂದ ಗೆರೆಯುದ್ದಕ್ಕೂ ಕಾಂಕ್ರೀಟು ಕೆತ್ತಿ ತೆಗೆದ, ತೊಳೆದ, ನೀರು ಹಿಡಿಯದ ಗಾರೆ ತುಂಬಿದ, ಮೇಲೊಂದು ಪದರು ಇಳಿಜಾರಾಗಿ ಎಳೆದ. ಒಂದು ವಾರ ಅದು ಬಿಗಿಯಲು ಬಿಟ್ಟು ಮತ್ತೆ ಒಡ್ಡು ಕಟ್ಟಿ ನೀರು ಬಿಟ್ಟರು. ಮೂರನೇ ದಿನ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಗುರುದೇವಿ ಬಂದಾಗ, ಅಡುಗೆಮನೆಯ ನಡುವೆ, ಸರಿಯಾಗಿ ಗೆರೆಯ ಕೆಳಗೆ, ಆ ತಾಮ್ರದ ಕೊಡ ಇತ್ತು. ಹಂಪಮ್ಮ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕುಂಕುಮ ಹಚ್ಚಿ, ರಾತ್ರಿಯೇ ತಂದಿಟ್ಟಿದ್ದಳು. ಸುಲ್ತಾನಸಾಬ ಅದರ ಪಕ್ಕ ಕೂತು ಕಿವಿ ಕೊಟ್ಟಿದ್ದ. ಮನ್ಸೂರಅಲಿ ಗೋಡೆಗೆ ಒರಗಿದ್ದ.

“ಸಪ್ಪಳಿಲ್ಲಲ್ಲಬೇ ಹಂಪವ್ವಾ.”

“ಇಲ್ಲಪ್ಪಾ,” ಎಂದಳು ಹಂಪಮ್ಮ. “ಇಲ್ಲ.”

ಗುರುದೇವಿ ಸ್ಟೂಲ್ ಹತ್ತಿ ಸೂರು ಮುಟ್ಟಿದಳು. ಒಣಗಿತ್ತು. ಇಳಿದು ಬಂದು ನಲವತ್ತು ಸಾವಿರವನ್ನು ಮನ್ಸೂರಅಲಿಯ ಕೈಗೆ ಹಾಕಿದಳು. ಅವಳಿಗೆ ಖುಷಿಯಾಗಿತ್ತು. ಈ ಮನೆಯಲ್ಲಿ ಮಳೆ ಒಳಗೆ ಬರುವುದಿಲ್ಲವಲ್ಲ ಎಂದು ದುಃಖವೂ ಆಗಿತ್ತು, ಅದನ್ನು ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ.

ಅವರು ಹೋದ ಮೇಲೆ ಕೊಡವನ್ನು ಎತ್ತಿಡಲು ಬಗ್ಗಿದಳು. ಹೊರಗೆ ಥಳಥಳ ಹೊಳೆಯುತ್ತಿದ್ದ ಕೊಡದ ಒಳತಳದಲ್ಲಿ, ಅವ್ವನ ಕೈ ಮುಟ್ಟದ ಕಡೆ, ಬೆಳ್ಳಗೆ ಏನೋ ಪದರು ಕಟ್ಟಿಕೊಂಡಿತ್ತು. ಗುರುದೇವಿ ತೋಳು ಇಳಿಬಿಟ್ಟು ಉಗುರಿನಿಂದ ಕೆರೆದಳು. ಬಾಗಿಲ ಕಡೆ ಒಮ್ಮೆ ನೋಡಿ, ಬೆರಳನ್ನು ನಾಲಿಗೆಗೆ ಹಚ್ಚಿಕೊಂಡಳು. ಉಪ್ಪಾಗಿತ್ತು.